ಹೊಸ ಸರ್ಕಾರದ ಪರಿಸರ ಸರ್ವಿಸ್: 5ಕ್ಕೆ 2 ಸ್ಟಾರ್, ಕಾರಣ ಸಮೇತ

ರೇಟಿಂಗ್ ಮೊದಲೇ ಹೇಳ್ಬಿಡ್ತೀನಿ, 5ಕ್ಕೆ 2. ಅದರಲ್ಲಿ ಒಂದು ಸ್ಟಾರ್ ಪೂರ್ತಿ ಹೆಸರಘಟ್ಟಕ್ಕೆ, ಅರ್ಧ ಬಸ್ಸಿಗೆ, ಇನ್ನರ್ಧ ಸಂಡೂರಿನ ದೇವದಾರಿ ಬೆಟ್ಟಕ್ಕೆ. ಯಾವ ಸರ್ವಿಸ್ ಮಾರಾಯ್ರೇ ಅಂತ ಕೇಳ್ತೀರಾ, 2023ರ ಮೇ 20ಕ್ಕೆ ಕಂಠೀರವ ಸ್ಟೇಡಿಯಂನಲ್ಲಿ ಪ್ರಮಾಣ ವಚನ ತಗೊಂಡ್ತಲ್ಲ ನಮ್ಮ ರಾಜ್ಯ ಸರ್ಕಾರ, ಅದು. ಅದರಲ್ಲೂ ಪರಿಸರದ ಭಾಗ ಮಾತ್ರ. ಗೃಹಲಕ್ಷ್ಮಿ ದುಡ್ಡು ಬಂತಾ ಇಲ್ವಾ, ಯಾರು ಸಿಎಂ ಆಗ್ತಾರೆ, ಇದನ್ನೆಲ್ಲ ರಿವ್ಯೂ ಮಾಡೋಕೆ ಟಿವಿಯವರು ಹಗಲೂ ರಾತ್ರಿ ಕೂತಿದ್ದಾರೆ, ನನಗೆ ಬೇಡ.

ಸರ್ಕಾರಕ್ಕೆ ಸ್ಟಾರ್ ಕೊಡೋದು ತಮಾಷೆ ಅನ್ನಿಸಿದ್ರೆ ಇನ್ನೊಂದು ತಮಾಷೆ ಕೇಳಿ. 2022ರ ಜನವರಿಲಿ ಕೇಂದ್ರ ಪರಿಸರ ಸಚಿವಾಲಯನೇ ರಾಜ್ಯಗಳ ಪರಿಸರ ಪ್ರಾಧಿಕಾರಗಳಿಗೆ ಸ್ಟಾರ್ ರೇಟಿಂಗ್ ಕೊಡ್ತೀವಿ ಅಂತ ಒಂದು ಸುತ್ತೋಲೆ ಹೊರಡಿಸಿತ್ತು. ಸರಾಸರಿ 80 ದಿನದೊಳಗೆ ಯೋಜನೆಗಳಿಗೆ ಅನುಮತಿ ಕೊಟ್ರೆ 2 ಮಾರ್ಕ್ಸು, 105 ದಿನದೊಳಗಾದ್ರೆ 1, ತಡ ಆದಷ್ಟೂ ಮಾರ್ಕ್ಸು ಕಮ್ಮಿ. ಅಂದ್ರೆ ಎಷ್ಟು ಬೇಗ 'ಆಯ್ತು' ಅಂತೀರೋ ಅಷ್ಟು ಒಳ್ಳೆ ಪರಿಸರ ಪ್ರಾಧಿಕಾರ ನೀವು. ನಾನು ಅದನ್ನೇ ಉಲ್ಟಾ ಮಾಡಿದ್ದೀನಿ, ಈ ರಿವ್ಯೂನಲ್ಲಿ 'ಬೇಡ' ಅಂದಿದ್ದಕ್ಕೆ ಮಾತ್ರ ಮಾರ್ಕ್ಸು. ಗಿಡ ನೆಟ್ಟಿದ್ದಕ್ಕೆ, ಜಾಥಾ ಮಾಡಿದ್ದಕ್ಕೆ, ಜೂನ್ 5ಕ್ಕೆ ಹಸಿರು ಟೀಶರ್ಟ್ ಹಾಕ್ಕೊಂಡಿದ್ದಕ್ಕೆ ಏನೂ ಇಲ್ಲ. ಬಸ್ಸಿಗೊಂದು ವಿನಾಯಿತಿ ಕೊಟ್ಟಿದ್ದೀನಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೇ 13ಕ್ಕೆ ರಿಸಲ್ಟ್ ಬಂದು 135 ಸೀಟು ಅಂತ ಗೊತ್ತಾಗಿದ್ದೇ ತಡ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಮನವಿ ಪತ್ರದ ಡ್ರಾಫ್ಟುಗಳು ಓಡಾಡೋಕೆ ಶುರು ಆದ್ವು. ಕೆರೆಯೋರದ್ದು ಒಂದು, ಮರದೋರದ್ದು ಒಂದು, ಬಸ್ಸಿನೋರದ್ದು, ಕಸದೋರದ್ದು, ಘಟ್ಟದೋರದ್ದು. ಪ್ರತಿ ಹೊಸ ಸರ್ಕಾರ ಬಂದಾಗಲೂ ಇದೇ ಹಬ್ಬ. ಒಂದು ಶಾಲು, ಒಂದು ಹಾರ, ಬೇಡ ಅಂದ್ರೂ ಯಾರೋ ತರೋ ಒಂದು ಸಸಿ, ಮಂತ್ರಿಗಳ ಮನೆ ಮುಂದೆ ಬೆಳಗ್ಗೆ ಏಳಕ್ಕೇ ಹೋಗಿ ನಿಲ್ಲೋದು, ಅವರು ಕಾರು ಹತ್ತೋ ಮುಂಚೆ ಮನವಿ ಕೈಗೆ ಕೊಡೋದು, ಅವರು ಅದರ ಮೂಲೇಲಿ 'ಪರಿಶೀಲಿಸಿ ಕ್ರಮ ಕೈಗೊಳ್ಳಿ' ಅಂತ ಗೀಚಿ ಪಿಎ ಕೈಗೆ ದಾಟಿಸೋದು, ಫೋಟೋ, ಮುಗೀತು. ಆ ಫೋಟೋ ಒಂದು ವರ್ಷ ಡಿಪಿ ಆಗಿರುತ್ತೆ.

ನಮ್ಮೋರ ಮನವಿ ಪತ್ರಗಳನ್ನ ಸುಮಾರು ಓದಿದ್ದೀನಿ, ಕೆಲವು ಬರೆದಿದ್ದೂ ಇದೆ. ಎಲ್ಲದರಲ್ಲೂ ಎರಡು ಥರದ ಬೇಡಿಕೆ ಇರುತ್ತೆ. ಒಂದು 'ಮಾಡಿ' ಅನ್ನೋದು, ಇನ್ನೊಂದು 'ಮಾಡಬೇಡಿ' ಅನ್ನೋದು. ಕೆರೆ ಹೂಳೆತ್ತಿ, ವಾಕಿಂಗ್ ಪಾತ್ ಹಾಕಿ, ಟ್ರೀ ಪಾರ್ಕ್ ಮಾಡಿ, ಅರಿವು ಕಾರ್ಯಕ್ರಮ ಮಾಡಿ, ಇದೆಲ್ಲ ಯಾವ ಪಾರ್ಟಿ ಬಂದ್ರೂ ಸಲೀಸಾಗಿ ಆಗುತ್ತೆ, ಯಾಕಂದ್ರೆ ಅದರಲ್ಲಿ ಟೆಂಡರ್ ಇದೆ. ಆ ರಸ್ತೆ ಬೇಡ, ಆ ಡ್ಯಾಮ್ ಬೇಡ, ಆ ಗುಡ್ಡ ಮುಟ್ಟಬೇಡಿ ಅನ್ನೋದ್ರಲ್ಲಿ ಟೆಂಡರ್ ಇಲ್ಲ ನೋಡಿ, ಉದ್ಘಾಟನೆ ಇಲ್ಲ, ಕಲ್ಲಿನ ಮೇಲೆ ಹೆಸರಿಲ್ಲ. ಅಲ್ಲೇ ಫೈಲು ಕೂತ್ಬಿಡುತ್ತೆ. ಆದ್ರೆ ಕಾಡು ಗುಡ್ಡ ಉಳಿಯೋದು ಈ ಎರಡನೇ ಪಟ್ಟಿಯಿಂದ.

2023ರಲ್ಲಿ ಸ್ವಲ್ಪ ಜಾಸ್ತಿನೇ ಆಸೆ ಇತ್ತು, ಅದಕ್ಕೆ ಕಾರಣನೂ ಇತ್ತು. ಇದೇ ಸಿದ್ದರಾಮಯ್ಯನವರ ಮೊದಲ ಸರ್ಕಾರ ಸ್ಟೀಲ್ ಫ್ಲೈಓವರ್ ಕೈಬಿಟ್ಟಿತ್ತಲ್ಲ. ಬಸವೇಶ್ವರ ಸರ್ಕಲ್ಲಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್, 1,791 ಕೋಟಿ, ಸರ್ಕಾರದ ಲೆಕ್ಕದಲ್ಲೇ 812 ಮರ. 2016ರ ಅಕ್ಟೋಬರ್ 16, ಭಾನುವಾರ, ಸಾವಿರಾರು ಜನ ಕೈ ಕೈ ಹಿಡಿದು ಆ ರಸ್ತೆ ಉದ್ದಕ್ಕೂ ನಿಂತ್ರು. ಬೆಂಗಳೂರಿನೋರು ವೀಕೆಂಡ್ ಬಿಟ್ಟು ಬೀದಿಗೆ ಬರಲ್ಲ ಅಂತ ಆಡ್ಕೋತಾರೆ, ವೀಕೆಂಡಲ್ಲೇ ಬಂದ್ರು, ಸಾಕಾಯ್ತು. 2017ರ ಮಾರ್ಚ್‌ನಲ್ಲಿ ಯೋಜನೆ ರದ್ದು. ಪ್ರಾಜೆಕ್ಟಿನ ಜೊತೆ ಭ್ರಷ್ಟಾಚಾರದ ಆರೋಪ ಸೇರ್ಕೊಂಡು ಎಲೆಕ್ಷನ್ ಹತ್ರ ಬಂದಿದ್ದಕ್ಕೆ ಬಿಟ್ರು, ಮರದ ಮೇಲಿನ ಪ್ರೀತಿಗಲ್ಲ ಅಂತ ಹೇಳೋರಿದ್ದಾರೆ, ಇರಬಹುದು. ನನಗೆ ಕಾರಣ ಬೇಡ, ಮರ ನಿಂತಿದ್ಯಾ ನಿಂತಿದೆ. ಆಮೇಲೆ 2019ರಲ್ಲಿ ಸಮ್ಮಿಶ್ರ ಸರ್ಕಾರ ಇದ್ದಾಗ ಅದನ್ನ ಮತ್ತೆ ಎಬ್ಬಿಸೋಕೆ ನೋಡಿದ್ರು ಅನ್ನೋದನ್ನ ಮಾತ್ರ ಮರೀಬೇಡಿ. ಯೋಜನೆ ಅನ್ನೋದು ರದ್ದಾಗುತ್ತೆ ಹೊರತು ಸಾಯಲ್ಲ.

ಈಗ ಐಟಂ ಐಟಂ ಆಗಿ ನೋಡೋಣ.

ಬಸ್ಸು. ಸರ್ಕಾರ ಬಂದು ಒಂದು ತಿಂಗಳೂ ಆಗಿರಲಿಲ್ಲ, ಜೂನ್ 11ಕ್ಕೆ ಶಕ್ತಿ ಯೋಜನೆ ಶುರು, ಹೆಂಗಸರಿಗೆ ಫ್ರೀ ಬಸ್. 2025ರ ಜುಲೈಗೆ 500 ಕೋಟಿ ಟಿಕೆಟ್ ದಾಟ್ತು. ಇದನ್ನ ಪರಿಸರ ಯೋಜನೆ ಅಂತ ಯಾರೂ ಕರೀಲಿಲ್ಲ, ಸರ್ಕಾರನೂ ಕರೀಲಿಲ್ಲ, ನಮ್ಮೋರಲ್ಲೂ ಕೆಲವರು ಮೂಗು ಮುರಿದ್ರು. ಆದ್ರೆ ಇಷ್ಟು ವರ್ಷ ನಾವು ಎಸಿ ಹಾಲ್‌ಗಳಲ್ಲಿ ಕೂತು 'ಸಾರ್ವಜನಿಕ ಸಾರಿಗೆಗೆ ಜನರನ್ನು ಸೆಳೆಯುವುದು ಹೇಗೆ' ಅಂತ ಪಿಪಿಟಿ ತೋರಿಸಿ ಆಗದೇ ಇದ್ದಿದ್ದು ಒಂದು ಆಧಾರ್ ಕಾರ್ಡ್ ತೋರಿಸೋದ್ರಲ್ಲಿ ಆಗೋಯ್ತು. ನಮ್ಮ ಮನೆ ಕೆಲಸಕ್ಕೆ ಬರೋ ಅಕ್ಕ ಮುಂಚೆ ಶೇರ್ ಆಟೋಲಿ ಬರ್ತಿದ್ರು, ಈಗ ಬಸ್ಸಲ್ಲಿ. ಅವರಿಗೆ ಕಾರ್ಬನ್ ಗೀರ್ಬನ್ ಬೇಕಾಗಿಲ್ಲ, ತಿಂಗಳಿಗೆ ಉಳಿಯೋ ದುಡ್ಡಿಗೆ ಮಗಳ ಟ್ಯೂಷನ್ ನಡೀತಿದೆ. 'ಬೇಡ' ಅನ್ನದಿದ್ರೂ ಇದಕ್ಕೆ ಅರ್ಧ ಸ್ಟಾರ್ ಕೊಟ್ಟಿದ್ದು ಈ ಕಾರಣಕ್ಕೆ. ಪೂರ್ತಿ ಯಾಕಿಲ್ಲ ಅಂದ್ರೆ, ಬೆಂಗಳೂರಿನ ಬಸ್ಸಿನೋರು ಕೇಳಿದ್ದ ಬಸ್ ಲೇನ್ ವಾಪಸ್ ಬರಲೇ ಇಲ್ಲ. 2019ರಲ್ಲಿ ಔಟರ್ ರಿಂಗ್ ರೋಡಲ್ಲಿ ಒಂದು ಹಾಕಿದ್ರು, ಚೆನ್ನಾಗೇ ಓಡ್ತಿತ್ತು, ಮೆಟ್ರೋ ಕೆಲಸದಲ್ಲಿ ಹೋಯ್ತು, ಹೋಗಿದ್ದು ಹೋಯ್ತು. ಅದರ ಮೇಲೆ 2025ರ ಜನವರಿಲಿ ಬಸ್ ಟಿಕೆಟ್ 15 ಪರ್ಸೆಂಟ್ ಜಾಸ್ತಿ, ಫೆಬ್ರವರಿಲಿ ಮೆಟ್ರೋ ಗರಿಷ್ಠ ಟಿಕೆಟ್ 60 ಇದ್ದಿದ್ದು 90. ಮೆಟ್ರೋದು ನಾವಲ್ಲ ಅವರು, ಅವರಲ್ಲ ಇವರು ಅಂತ ಕೇಂದ್ರ ರಾಜ್ಯ ಎರಡೂ ಕಡೆಯೋರು ಬೆರಳು ತೋರಿಸ್ಕೊಂಡ್ರು. ಗಂಡಸರು ಬೈಕಿಗೆ ಪೆಟ್ರೋಲ್ ಹಾಕಿಸ್ಕೊಂಡ್ರು.

ಹೆಸರಘಟ್ಟ. ಇದು ನಿಜವಾಗ್ಲೂ ಖುಷಿಯ ಐಟಂ. ಬೆಂಗಳೂರಿನ ಹತ್ರ ಉಳಿದಿರೋ ದೊಡ್ಡ ಹುಲ್ಲುಗಾವಲು ಅದೊಂದೇ. ಹುಲ್ಲುಗಾವಲು ಅಂದ್ರೆ ನಮ್ಮ ಕಂದಾಯ ಇಲಾಖೆಗೆ ಖಾಲಿ ಜಾಗ, ಅರಣ್ಯ ಇಲಾಖೆಗೆ ಗಿಡ ನೆಡಬೇಕಾದ ಜಾಗ, ಮಿಕ್ಕೋರಿಗೆ ಏನಾದ್ರೂ ಕಟ್ಟೋ ಜಾಗ. ಮರ ಇಲ್ಲದೆ ಇದ್ರೂ ಅದು ಪರಿಸರನೇ, ಹುಲ್ಲಿಗೇ ಹುಟ್ಟಿದ ಹಕ್ಕಿಗಳಿವೆ, ಚಳಿಗಾಲಕ್ಕೆ ಎಲ್ಲಿಂದಲೋ ಹಾರಿ ಬರೋ ಬೇಟೆ ಹಕ್ಕಿಗಳು ನೆಲದ ಮಟ್ಟಕ್ಕೆ ತೇಲ್ಕೊಂಡು ಹೋಗೋದನ್ನ ನೋಡೋಕೆ ಬೆಳಗ್ಗೆ ಆರಕ್ಕೇ ಹೋಗಬೇಕು. 2021ರ ಜನವರಿಲಿ, ಆಗ ಬಿಜೆಪಿ ಸರ್ಕಾರ, ರಾಜ್ಯ ವನ್ಯಜೀವಿ ಮಂಡಳಿ ಮುಂದೆ ಇದನ್ನ ಮೀಸಲು ಪ್ರದೇಶ ಮಾಡೋ ಪ್ರಸ್ತಾಪ ಬಂದಾಗ ತಳ್ಳಿಹಾಕಿದ್ರು. ಕೇಸು ಹೈಕೋರ್ಟಿಗೆ ಹೋಯ್ತು. ಈ ಸರ್ಕಾರದಲ್ಲಿ, 2024ರ ಅಕ್ಟೋಬರ್‌ನಲ್ಲಿ, ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಡ್ತು. ಬೆಂಗಳೂರಿನ ಅಂಚಿನಲ್ಲಿ ಐದು ಸಾವಿರ ಎಕರೆ, ಇವತ್ತಿನ ರೇಟಲ್ಲಿ, ಕಟ್ಟೋದು ಬೇಡ ಅಂತ ಒಂದು ಸರ್ಕಾರ ಹೇಳ್ತು ಅಂದ್ರೆ ಚಪ್ಪಾಳೆ ಹೊಡೀಲೇಬೇಕು, ಹೊಡೆದಿದ್ದೀನಿ, ಒಂದು ಸ್ಟಾರ್ ಪೂರ್ತಿ.

ದೇವದಾರಿ ಕಥೆ ಸ್ವಲ್ಪ ಬೇರೆ, ಯಾಕಂದ್ರೆ ಇಲ್ಲಿ ಎರಡು ಸರ್ಕಾರ ಇದೆ. 2024ರ ಜೂನ್‌ನಲ್ಲಿ ದಿಲ್ಲೀಲಿ ಹೊಸ ಸರ್ಕಾರ ಬಂತು, ಕುಮಾರಸ್ವಾಮಿಯವರು ಉಕ್ಕು ಮಂತ್ರಿ ಆದ್ರು, ನಮ್ಮೋರೇ ಒಬ್ರು ದೊಡ್ಡ ಖಾತೆಗೆ ಬಂದ್ರು ಅಂತ ಇಲ್ಲಿ ಸಂಭ್ರಮ. ಕುರ್ಚೀಲಿ ಕೂತ ಕೂಡ್ಲೇ ಸಹಿ ಹಾಕಿದ ಫೈಲು ಸಂಡೂರಿನ ದೇವದಾರೀಲಿ ಕುದುರೆಮುಖ ಕಂಪನಿ ಅದಿರು ತೆಗೆಯೋದ್ರದ್ದು. ಸುಮಾರು 99 ಸಾವಿರ ಮರದ ಲೆಕ್ಕ. ಆ ಯೋಜನೆಗೆ ಅನುಮತಿಗಳು ಮುಂಚೆನೇ ಆಗಿದ್ವು, ಅವರೇ ಹುಟ್ಟು ಹಾಕಿದ್ದಲ್ಲ, ಅದನ್ನ ಹೇಳ್ಬೇಕು. ಆದ್ರೂ ಹೊಸ ಮಂತ್ರಿಗಳ ಮುಂದೆ ಮೊದಲ ದಿನ ಯಾವ ಫೈಲು ಬಂದು ಕೂರುತ್ತೆ ಅನ್ನೋದ್ರಲ್ಲೇ ಎಲ್ಲ ಗೊತ್ತಾಗುತ್ತಲ್ವಾ. ನಮ್ಮ ಮನವಿಗಳು ಪಿಎ ಬ್ಯಾಗಲ್ಲಿ ಇರೋ ಹೊತ್ತಿಗೆ ಆ ಫೈಲು ಟೇಬಲ್ ಮೇಲಿರುತ್ತೆ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಹೇಳಿ 2005ರ ಕೊನೇಲಿ ಗಣಿ ನಿಲ್ಲಿಸಿದ್ದ ಅದೇ ಕಂಪನಿ ಇದು. ರಾಜ್ಯದ ಅರಣ್ಯ ಮಂತ್ರಿ ಈಶ್ವರ ಖಂಡ್ರೆಯವರು, ಕುದುರೆಮುಖದ ಹಳೇ ಬಾಕಿ ಕಟ್ಟೋವರೆಗೂ ಅರಣ್ಯ ಭೂಮಿ ಬಿಟ್ಟುಕೊಡಬೇಡಿ ಅಂತ ಅಧಿಕಾರಿಗಳಿಗೆ ಬರೆದ್ರು. ಬೇಡ ಅಂದಿದ್ದಕ್ಕೆ ಮಾರ್ಕ್ಸು ಕೊಡಬೇಕು, ಆದ್ರೆ ಎದುರು ಪಾರ್ಟಿ ಫೈಲಿಗೆ ಬೇಡ ಅನ್ನೋದು ಸುಲಭ ಅಂತ ಅರ್ಧ ಕಟ್ ಮಾಡಿದ್ದೀನಿ. ಸ್ವಂತ ಮನೆ ಫೈಲಿಗೆ ಬೇಡ ಅಂದಾಗ ಪೂರ್ತಿ ಕೊಡೋಣ.

ಇಲ್ಲಿಗೆ ಸ್ಟಾರು ಮುಗೀತು. ಇನ್ನು ಮೇಲೆ ಬರೋದೆಲ್ಲ ದೂರು.

2024ರ ಜುಲೈ ನೆನಪಿದ್ಯಾ. 16ಕ್ಕೆ ಅಂಕೋಲದ ಶಿರೂರಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಟೀ ಅಂಗಡಿ, ಲಾರಿ, ಜನ ಎಲ್ಲ ಗಂಗಾವಳಿ ನದಿಗೆ. 30ಕ್ಕೆ ಕೇರಳದ ವಯನಾಡಲ್ಲೂ ಗುಡ್ಡ ಕುಸೀತು. 31ಕ್ಕೆ ಕೇಂದ್ರ ಸರ್ಕಾರ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಡಿಸ್ತು, ಆರನೇ ಸಲ, ಮೊದಲನೇದು ಬಂದಿದ್ದು 2014ರಲ್ಲಿ. ನಮ್ಮ ರಾಜ್ಯದ ಪಾಲು 20,668 ಚದರ ಕಿಲೋಮೀಟರ್. ಆ ವಾರ ಎಲ್ಲರ ಬಾಯಲ್ಲೂ, ಘಟ್ಟ ಉಳಿಸೋ ಬಗ್ಗೆ ವರದಿ ಕೊಟ್ಟಿದ್ದ ಪರಿಸರ ವಿಜ್ಞಾನಿ ಗಾಡ್ಗೀಳ್ ಹೆಸರೇ, ರಾಜಕಾರಣಿಗಳೂ ಸೇರಿ. ಘಟ್ಟದ ಒತ್ತುವರಿ ತೆರವಿಗೆ ಕಾರ್ಯಪಡೆ ಅಂತ ಘೋಷಣೆನೂ ಆಯ್ತು. ಸೆಪ್ಟೆಂಬರ್ 26ಕ್ಕೆ ರಾಜ್ಯ ಸಂಪುಟ ಸಭೆ ಸೇರಿ, ಆ ಕರಡು ಅಧಿಸೂಚನೆಗೆ ಆಧಾರ ಆಗಿರೋ ಕಸ್ತೂರಿರಂಗನ್ ವರದಿ ತಿರಸ್ಕಾರ ಅಂತ ತೀರ್ಮಾನ ಮಾಡ್ತು. ಎರಡು ತಿಂಗಳು, ಅಷ್ಟೇ. ಬೇಡ ಅನ್ನೋಕೆ ಬರುತ್ತೆ ಇವರಿಗೆ, ಬರಲ್ಲ ಅಂತೇನಿಲ್ಲ.

ಇದಕ್ಕೆ ಸರ್ಕಾರನ ಮಾತ್ರ ಬೈದು ಕೂರೋದು ಸುಲಭ. ನಮ್ಮಮ್ಮನ ಊರು ತೀರ್ಥಹಳ್ಳಿ ಕಡೆ, ಸೋದರಮಾವನಿಗೆ ಅಡಿಕೆ ತೋಟ. ಆ ಸಲ ಹೋದಾಗ ಅಡಿಕೆ ಸುಲಿಯೋ ಮೆಷಿನ್ ಪಕ್ಕ ಕೂತು ಇದೇ ಜಗಳ. 'ಎಂತ ಮಾರಾಯ, ನಿಮ್ಮ ಕಸ್ತೂರಿರಂಗನ್ ಬಂದ್ರೆ ಕೊಟ್ಟಿಗೆಗೆ ಶೀಟು ಹೊದೆಸೋಕೂ ಫಾರೆಸ್ಟಿನೋರನ್ನ ಕೇಳ್ಬೇಕಂತಲ್ಲ' ಅಂದ್ರು. 'ಇಲ್ಲ ಮಾವ, ಅದ್ರಲ್ಲಿ ನಿಷೇಧ ಇರೋದು ಗಣಿ, ಕ್ವಾರಿ, ಮರಳು, ಉಷ್ಣ ವಿದ್ಯುತ್ತು, ಜಾಸ್ತಿ ಮಾಲಿನ್ಯ ಮಾಡೋ ರೆಡ್ ಕೆಟಗರಿ ಫ್ಯಾಕ್ಟರಿ, 20 ಸಾವಿರ ಚದರ ಮೀಟರಿಗಿಂತ ದೊಡ್ಡ ಕಟ್ಟಡ, ನಿಮ್ಮ ಕೊಟ್ಟಿಗೆ ಅಷ್ಟು ದೊಡ್ಡದಾ' ಅಂದೆ. ನಗ್ಲಿಲ್ಲ. 'ಅದು ನೀ ಹೇಳ್ತಿದೀಯ. ಸರ್ಕಾರದೋರು ಯಾರು ಬಂದು ಹೇಳಿದ್ರು? ಇಲ್ಲಿಗೆ ಮೈಕ್ ಕಟ್ಕೊಂಡು ಬಂದೋರೆಲ್ಲ ಬೇಡ ಅನ್ನೋರೇ. ಬೇಕು ಅನ್ನೋರು ಒಬ್ರೂ ಬಂದಿಲ್ಲ. ನಿಮ್ಮ ಬೆಂಗಳೂರಲ್ಲಿ ಕೆರೆ ನುಂಗಿ ಅಪಾರ್ಟ್‌ಮೆಂಟ್ ಕಟ್ಕೊಂಡು ನಮಗೆ ಬುದ್ಧಿ ಹೇಳೋಕೆ ಬರ್ತೀರಿ' ಅಂತ ಮೆಷಿನ್ ಆನ್ ಮಾಡ್ಬಿಟ್ರು. ಆ ಸೌಂಡಲ್ಲಿ ಇನ್ನೆಂತ ಮಾತಾಡೋದು.

ಮಾವ ಹೇಳಿದ್ದು ಸರಿ ಇದೆ. ಆ ಕಡೆ ಬಗರ್ ಹುಕುಂ ಅರ್ಜಿ ಹಾಕಿ ವರ್ಷಗಟ್ಲೆ ಕಾದೋರಿಗೆ, ಸೊಪ್ಪಿನ ಬೆಟ್ಟದಿಂದ ಒಂದು ಹೊರೆ ಸೊಪ್ಪು ತರೋಕೂ ಗಾರ್ಡ್ ಮುಖ ನೋಡೋರಿಗೆ, ಮ್ಯಾಪಿನ ಮೇಲೆ ಇನ್ನೊಂದು ಗೆರೆ ಅಂದ್ರೆ ಭಯನೇ. ಗಾಡ್ಗೀಳ್ ಸಮಿತಿ 2011ರಲ್ಲೇ ಗ್ರಾಮಸಭೆಗಳಿಗೆ ತಗೊಂಡೋಗಿ ಕೇಳಿ ಅಂತ ಹೇಳಿತ್ತು. ಯಾವ ಸರ್ಕಾರನೂ ಕೇಳಲಿಲ್ಲ, ಕಾಂಗ್ರೆಸ್ಸೂ ಇಲ್ಲ ಬಿಜೆಪಿನೂ ಇಲ್ಲ ಜೆಡಿಎಸ್ಸೂ ಇಲ್ಲ. ಹೊಸ ಸರ್ಕಾರದ ಹತ್ರ ಘಟ್ಟದೋರ ಆಸೆ ಏನು ದೊಡ್ಡದಿರಲಿಲ್ಲ, ನಿಷೇಧ ಏನು ನಿಷೇಧ ಅಲ್ಲ ಅಂತ ಎರಡು ಪುಟ ಕನ್ನಡದಲ್ಲಿ ಅಚ್ಚು ಹಾಕಿಸಿ ಪಂಚಾಯ್ತಿ ಪಂಚಾಯ್ತಿಗೆ ಕಳಿಸಿದ್ರೂ ಒಂದು ಸ್ಟಾರ್ ಕೊಡ್ತಿದ್ದೆ.

ಶರಾವತಿ ಬಗ್ಗೆ ಸ್ವಲ್ಪ ಜಾಸ್ತಿ ಬರೀಬೇಕು, ಯಾಕಂದ್ರೆ ಇದು ನಮ್ಮ ಗ್ರೂಪುಗಳನ್ನೇ ಎರಡು ಮಾಡಿದ ಐಟಂ. ತಲಕಳಲೆ ಜಲಾಶಯ ಮೇಲೆ, ಗೇರುಸೊಪ್ಪ ಜಲಾಶಯ ಕೆಳಗೆ, ಮಧ್ಯ ಗುಡ್ಡದೊಳಗೆ ಸುರಂಗ ಕೊರೆದು 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್. ಹಗಲು ಸೋಲಾರ್ ಕರೆಂಟು ಜಾಸ್ತಿ ಇರುವಾಗ ಕೆಳಗಿನ ನೀರನ್ನ ಮೇಲಕ್ಕೆ ಎತ್ತೋದು, ಸಾಯಂಕಾಲ ಎಲ್ಲರ ಮನೇಲೂ ಲೈಟು ಹತ್ತೋ ಹೊತ್ತಿಗೆ ಕೆಳಗೆ ಬಿಟ್ಟು ಕರೆಂಟು ತೆಗೆಯೋದು. ಎತ್ತೋಕೆ 100 ಯೂನಿಟ್ ಖರ್ಚಾದ್ರೆ ವಾಪಸ್ ಬರೋದು ಹೆಚ್ಚಂದ್ರೆ 80, ಆದ್ರೂ ಇದು ಕಲ್ಲಿದ್ದಲಿಗಿಂತ ವಾಸಿ, ಹವಾಮಾನ ಬದಲಾವಣೆಗೆ ಬೇಕೇ ಬೇಕು ಅಂತ ನಮ್ಮಲ್ಲೇ ಒಂದಿಷ್ಟು ಜನ ಹೇಳ್ತಾರೆ. ಲೆಕ್ಕ ತಪ್ಪೇನಲ್ಲ. ಜಾಗ ತಪ್ಪು. ಅದು 2019ರಲ್ಲಿ ಸಿಂಗಳೀಕಕ್ಕೆ, ಅಂದ್ರೆ ಸಿಂಹಬಾಲದ ಕೋತಿಗೆ ಅಂತಲೇ ಘೋಷಣೆ ಮಾಡಿದ ಅಭಯಾರಣ್ಯ. ಸಿಂಗಳೀಕ ನೆಲಕ್ಕೆ ಇಳಿಯೋದೇ ಕಮ್ಮಿ, ಮರದಿಂದ ಮರಕ್ಕೆ ಹೋಗೋ ಪ್ರಾಣಿ, ಮೇಲಿನ ಕೊಂಬೆಗಳು ಒಂದಕ್ಕೊಂದು ತಾಗಿರಬೇಕು ಅದಕ್ಕೆ. ಒಂದು ರಸ್ತೆ ಅಗಲ ಮಾಡಿದ್ರೂ ಒಂದು ಗುಂಪು ಎರಡಾಗುತ್ತೆ. ಕಾಗದದ ಮೇಲೆ ಅರಣ್ಯ ಸುಮಾರು 54 ಹೆಕ್ಟೇರ್ ಮಾತ್ರ, ಕಮ್ಮಿನೇ ಅಲ್ವಾ ಅಂತಾರೆ, ಆದ್ರೆ ಆ 54 ಒಂದೇ ಕಡೆ ಒಂದು ಚೌಕ ಅಲ್ಲ, ರಸ್ತೆ, ಮಣ್ಣು ಸುರಿಯೋ ಜಾಗ, ಲೈನು ಅಂತ ಉದ್ದಕ್ಕೂ ಹಂಚಿರೋದು.

ಸ್ಟೋರೇಜ್ ಬೇಕೇ ಅಂದ್ರೆ ಪಾವಗಡ ಇದ್ಯಲ್ಲ. 2,050 ಮೆಗಾವಾಟ್ ಸೋಲಾರ್ ಪಾರ್ಕು, ಸುಮಾರು 13 ಸಾವಿರ ಎಕರೆ ರೈತರಿಂದ ಲೀಸಿಗೆ ತಗೊಂಡಿರೋದು, ಬ್ಯಾಟರಿ ರೇಟು ವರ್ಷ ವರ್ಷ ಇಳೀತಿದೆ, ಕರೆಂಟು ಹುಟ್ಟೋ ಜಾಗದಲ್ಲೇ ಕೂಡಿಡಿ ಅಂತ ನನ್ನ ವಾದ. ಎಂಜಿನಿಯರ್ ಫ್ರೆಂಡ್ಸು ನೀನು ಹೇಳಿದಷ್ಟು ಸುಲಭ ಇಲ್ಲ ಅಂತಾರೆ, ಇರಲಿ, ಕಷ್ಟದ ದಾರಿ ಹಿಡೀರಿ ಅಂತಲೇ ಅಲ್ವಾ ಸರ್ಕಾರ ಇಟ್ಕೊಂಡಿರೋದು. ಶರಾವತಿಗೆ ಲಿಂಗನಮಕ್ಕಿ ಡ್ಯಾಮ್ ಆಗಿ ಅರವತ್ತು ವರ್ಷ ಆಯ್ತು, ಮುಳುಗಡೆ ಕುಟುಂಬಗಳ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ಅದೇ ಕಣಿವೆಗೆ ಮತ್ತೆ ಹೋಗಿ ನಾಡಿಗೆ ಬೆಳಕು ಕೊಡಿ ಅಂತ ಕೇಳೋಕೆ ಮುಖ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಅಹವಾಲು ಸಭೆ ಆದಾಗ ಜನ ಹೋಗಿ ಬೇಡ ಅಂತ ಬಾಯ್ಬಿಟ್ಟು ಹೇಳಿದ್ರು. ಅಹವಾಲು ಸಭೆ ಜನರ ಅಭಿಪ್ರಾಯ ದಾಖಲು ಮಾಡೋಕೆ ಇರೋದು, ವೋಟ್ ಹಾಕೋಕಲ್ಲ. ಇಡೀ ಊರು ಬೇಡ ಅಂದ್ರೂ ಫೈಲು ಮುಂದೆ ಹೋಗಬಹುದು. ಇದು ಗೊತ್ತಿಲ್ಲದೆ ಹೋದೋರು ತುಂಬ ಬೇಜಾರಾಗಿ ವಾಪಸ್ ಬರ್ತಾರೆ.

ಸುರಂಗ ರಸ್ತೆ ಬಗ್ಗೆ ಎಲ್ಲರೂ ಬರೆದು ಸುಸ್ತಾಗಿದ್ದಾರೆ, ಎರಡೇ ಮಾತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್, 17 ಸಾವಿರ ಕೋಟಿ ಮೇಲೆ, ಟೋಲ್ ಬೇರೆ, ಟೂ ವೀಲರ್ ಬಿಡಲ್ಲ, ಅಂದ್ರೆ ಬೆಂಗಳೂರಲ್ಲಿ ಅತಿ ಹೆಚ್ಚು ಇರೋ ಗಾಡಿಗೇ ಜಾಗ ಇಲ್ಲ. ಸ್ಟೀಲ್ ಫ್ಲೈಓವರ್ ಬಿಟ್ಟುಕೊಟ್ಟ ಸಿಎಂ ಸರ್ಕಾರದಲ್ಲೇ ಅದರ ಹತ್ತು ಪಟ್ಟು ದುಡ್ಡಿನ ಯೋಜನೆ, ಆಗ ಮೇಲೆ ಹೋಗ್ತಿತ್ತು ಈಗ ಕೆಳಗೆ ಹೋಗ್ತಿದೆ. ಲಾಲ್‌ಬಾಗ್ ಜಾಗಕ್ಕೂ ಕೈ ಹಾಕ್ತಾರೆ ಅಂತ ಗೊತ್ತಾದಾಗ, 300 ಕೋಟಿ ವರ್ಷದ ಬಂಡೆ ಇರೋ ಜಾಗ ಸ್ವಾಮಿ ಅದು, ವಾಕಿಂಗ್ ಬರೋ ಅಜ್ಜಂದಿರೂ ಬೋರ್ಡ್ ಹಿಡ್ಕೊಂಡ್ರು. ಬಿಜೆಪಿಯೋರೂ ಬಂದು ಭಾಷಣ ಮಾಡಿದ್ರು. 2016ರಲ್ಲೂ ಬಂದಿದ್ರು. 2021ರಲ್ಲಿ ಬೆಂಗಳೂರಿನ ತುರಹಳ್ಳಿ ಕಾಡಲ್ಲಿ ಟ್ರೀ ಪಾರ್ಕ್ ಮಾಡೋಕೆ ಹೊರಟಾಗ ಮಾತ್ರ ಅವರದೇ ಸರ್ಕಾರ ಇತ್ತು ನೋಡಿ. ವಿರೋಧ ಪಕ್ಷದಲ್ಲಿ ಕೂತ್ರೆ ನಮ್ಮಲ್ಲಿ ಎಲ್ಲರೂ ಪರಿಸರವಾದಿಗಳೇ. ಕಾಂಗ್ರೆಸ್ಸಿನೋರು ಹಾಗೆ ಕೂತಿದ್ದಾಗ 2022ರ ಜನವರಿಲಿ ಪಾದಯಾತ್ರೆ ಮಾಡಿದ್ದು ಮಾತ್ರ ಮೇಕೆದಾಟು ಡ್ಯಾಮ್ ಬೇಕು ಅಂತ, ಕಾವೇರಿ ಅಭಯಾರಣ್ಯದ ಸಾವಿರಾರು ಹೆಕ್ಟೇರ್ ಮುಳುಗಿಸೋ ಡ್ಯಾಮು. ಅದರಲ್ಲಿ ಮೂರೂ ಪಾರ್ಟಿ ಒಂದೇ, ಅದರ ಬಗ್ಗೆ ಬಾಯಿ ಬಿಟ್ರೆ ಕನ್ನಡ ದ್ರೋಹಿ ಅಂತಾರೆ ಅಂತ ನಮ್ಮ ಗ್ರೂಪುಗಳಲ್ಲೂ ಅಡ್ಮಿನ್ ಆ ಟಾಪಿಕ್ ಬಂದ್ರೆ ಮ್ಯೂಟ್ ಮಾಡ್ತಾರೆ.

ಕೆರೆ ವಿಷಯ. 2024ರ ಬೇಸಿಗೇಲಿ ಬೋರ್‌ವೆಲ್ ಒಣಗಿ, ಟ್ಯಾಂಕರ್ ರೇಟು ಆಕಾಶಕ್ಕೆ ಹೋಗಿ, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ದಂಡ ಅಂತ ಹೇಳೋ ಪರಿಸ್ಥಿತಿ ಬಂತಲ್ಲ, ಆಗ ಕೆರೆ ಉಳಿಸಬೇಕು ಅಂತ ಎಲ್ಲರಿಗೂ ಜ್ಞಾನೋದಯ. ಮುಂದಿನ ವರ್ಷ ಆಗಸ್ಟಲ್ಲಿ ಕೆರೆ ಸುತ್ತ ಬಿಡಬೇಕಾದ 30 ಮೀಟರ್ ಜಾಗನ ಕೆರೆ ಗಾತ್ರ ನೋಡಿ ಕಮ್ಮಿ ಮಾಡೋ ತಿದ್ದುಪಡಿ ವಿಧೇಯಕ ಸದನದಲ್ಲಿ ಪಾಸು. ಸಣ್ಣ ಕೆರೆಗೆ ಸಣ್ಣ ಅಂಚು ಸಾಕಂತೆ. ಸಣ್ಣ ಕೆರೆನೇ ಮೊದಲು ಸಾಯೋದು, ಅದಕ್ಕೇ ಅಂಚು ಜಾಸ್ತಿ ಬೇಕು ಅಂತ ಕೆರೆಯೋರು ಹೇಳಿ ಹೇಳಿ ಗಂಟಲು ಕಟ್ಟಿಸ್ಕೊಂಡ್ರು.

ನಮ್ಮ ಏರಿಯಾದ್ದೊಂದು ಹೇಳ್ಬಿಡ್ತೀನಿ, ಯಾವ ಕಚೇರಿ ಅಂತ ಹೆಸರು ಬೇಡ. ಕೆರೆ ಕೋಡಿ ಪಕ್ಕ ರಾತ್ರಿ ಹೊತ್ತು ಕಟ್ಟಡದ ಡೆಬ್ರಿ ಸುರಿತಿದ್ರು, ಫೋಟೋ ಸಮೇತ ಆ್ಯಪಲ್ಲಿ ಕಂಪ್ಲೇಂಟ್ ಹಾಕಿದೆ. ಸ್ವಲ್ಪ ದಿನಕ್ಕೆ 'ಪರಿಹರಿಸಲಾಗಿದೆ' ಅಂತ ಮೆಸೇಜು, ಜೊತೆಗೆ ಕ್ಲೀನ್ ಆಗಿರೋ ಜಾಗದ ಫೋಟೋ. ನೋಡಿದ್ರೆ ಅದು ನಮ್ಮ ಕೆರೆನೇ ಅಲ್ಲ, ಫೋಟೋದಲ್ಲಿ ತೆಂಗಿನಮರ ಇದೆ, ನಮ್ಮ ಕೋಡಿ ಹತ್ರ ಇರೋದು ಒಂದು ಮುರಿದ ಹೊಂಗೆ. ಮತ್ತೆ ಹಾಕಿದೆ, ಈ ಸಲ ಫೋಟೋನೂ ಇಲ್ಲದೆ ಕ್ಲೋಸ್. ಕೊನೆಗೆ ಪಕ್ಕದ ಲೇಔಟಿನ ಆಂಟಿಯೊಬ್ರು ಟಾರ್ಚ್ ಹಿಡ್ಕೊಂಡು ಲಾರಿ ಮುಂದೆ ನಿಂತು ಡ್ರೈವರಿಗೆ 'ಏನಪ್ಪಾ ನಿಮ್ಮಮ್ಮಂಗೂ ಇದೇ ನೀರು ಕುಡಿಸ್ತೀಯಾ' ಅಂದ್ರು, ಅವತ್ತಿಂದ ಲಾರಿ ಬಂದಿಲ್ಲ, ಬೇರೆ ಕೆರೆಗೆ ಹೋಗಿರುತ್ತೆ ಪಾಪ. ಆ್ಯಪ್‌ನಲ್ಲಿ ಆಂಟಿಗೆ ಸ್ಟಾರ್ ಕೊಡೋ ಆಪ್ಷನ್ ಇಲ್ಲ.

ಒಟ್ಟು 2. ಕಮ್ಮಿ ಕೊಟ್ಟೆ ಅಂತ ಕಾಂಗ್ರೆಸ್ ಫ್ರೆಂಡ್ಸ್ ಬೈತಾರೆ, ಜಾಸ್ತಿ ಆಯ್ತು ಅಂತ ಬಿಜೆಪಿ ಫ್ರೆಂಡ್ಸ್ ಬೈತಾರೆ. ಹಿಂದಿನದಕ್ಕೆ ಎಷ್ಟು ಕೊಡ್ತಿದ್ದೆ ಅಂತ ಕೇಳಿದ್ರೆ, ಒಂದೂವರೆ, ಅದೂ ತುರಹಳ್ಳಿಲಿ ಜನ ಬಂದ ಮೇಲೆ ಹಿಂದೆ ಸರಿದ್ರಲ್ಲ ಅನ್ನೋದಕ್ಕೆ.

ಈ ಸರ್ವಿಸ್ ಬಳಸೋ ಹೊಸಬರಿಗೆ ಒಂದೆರಡು ಮಾತು, ಮನವಿ ಪತ್ರ ಹಿಡ್ಕೊಂಡು ಮಂತ್ರಿ ಮನೆಗೆ ಹೋಗೋದಕ್ಕಿಂತ ಇದು ಕೆಲಸಕ್ಕೆ ಬರುತ್ತೆ. ಅಹವಾಲು ಸಭೆಗೆ ಕಮ್ಮಿ ಅಂದ್ರೂ 30 ದಿನ ಮುಂಚೆ ಪೇಪರಲ್ಲಿ ನೋಟಿಸ್ ಹಾಕಬೇಕು, ಯೋಜನೆಗಳ ಪರಿಸರ ಅನುಮತಿಯ 2006ರ ಅಧಿಸೂಚನೆ ಹಾಗೆ ಹೇಳುತ್ತೆ, ಒಳಗಿನ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಇರುತ್ತೆ, ಹುಡುಕಿ. ಯೋಜನೆಯ ಸಾರಾಂಶ ಕನ್ನಡದಲ್ಲಿ ಇರಲೇಬೇಕು, ಡಿಸಿ ಆಫೀಸು, ಜಿಲ್ಲಾ ಪಂಚಾಯ್ತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರೀಲಿ ಸಿಗುತ್ತೆ, ಸಿಗಲಿಲ್ಲ ಅಂದ್ರೆ ಸಿಗಲಿಲ್ಲ ಅನ್ನೋದನ್ನೇ ಮೊದಲ ಆಕ್ಷೇಪಣೆಯಾಗಿ ಬರ್ಕೊಡಿ. ಕೋರಂ ಅಂತ ಏನೂ ಇಲ್ಲ, ಹತ್ತೇ ಜನ ಬಂದ್ರೂ ಸಭೆ ಆಯ್ತು ಅಂತ ಬರ್ಕೋತಾರೆ, ಅದಕ್ಕೆ ಬಹಿಷ್ಕಾರ ಹಾಕಿ ಮನೇಲಿ ಕೂರೋದು ದಂಡ. ಸಭೆ ಪೂರ್ತಿ ವಿಡಿಯೋ ಆಗಬೇಕು, ಕೊನೇಲಿ ಯಾರು ಏನು ಹೇಳಿದ್ರು ಅಂತ ಕನ್ನಡದಲ್ಲಿ ಓದಿ ಹೇಳಬೇಕು, ಅಲ್ಲೀವರೆಗೂ ಊಟಕ್ಕೆ ಎದ್ದು ಹೋಗಬೇಡಿ. ಮೈಕಲ್ಲಿ ಎಷ್ಟು ಚೆನ್ನಾಗಿ ಮಾತಾಡಿದ್ರೂ ಬರವಣಿಗೇಲಿ ಒಂದು ಕೊಡಿ, ಎರಡು ಪ್ರತಿ ತಗೊಂಡೋಗಿ, ನಿಮ್ಮ ಪ್ರತಿ ಮೇಲೆ ತಾರೀಕು ಸಮೇತ ಸೀಲು ಹಾಕಿಸ್ಕೊಳ್ಳಿ, ಮುಂದೆ ಹಸಿರು ನ್ಯಾಯಮಂಡಳಿಗೆ ಹೋದ್ರೆ ವಕೀಲರು ಮೊದಲು ಕೇಳೋದೇ ಅದನ್ನ.